ಗರ್ಭಚೀಲ ತೆಗೆಸುವ ಕಾಗದಕ್ಕೆ ಸಹಿ ಹಾಕುವ ಮೊದಲು

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕು. ನಮ್ಮ ಅಕ್ಕನಿಗೆ 34 ವರ್ಷ, ಇಬ್ಬರು ಮಕ್ಕಳು, ಮಕ್ಕಳಾಗದಂತೆ ಆಪರೇಷನ್ ಆಗಿದೆ. ಒಂದು ವರ್ಷದಿಂದ ಬಿಳಿ ಸೆರಗು, ಸೊಂಟ ನೋವು. ಮುಟ್ಟು ತಿಂಗಳಿಗೆ ಸರಿಯಾಗಿ ಆಗುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆವು. ಗರ್ಭಚೀಲಕ್ಕೆ ಬಾವು ಬಂದಿದೆ, ಬಾಯಿಗೆ ಹುಣ್ಣಾಗಿದೆ, ಓವರಿಯಲ್ಲಿ ಗಡ್ಡೆ ಇದೆ, ಹೀಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ಗರ್ಭಚೀಲ ಮತ್ತು ಓವರಿ ಎರಡನ್ನೂ ತೆಗೆಯಬೇಕು ಎಂದರು. ಮುಂದಿನ ಸೋಮವಾರಕ್ಕೆ ಆಪರೇಷನ್, 40 ಸಾವಿರ ಕಟ್ಟಲು ಹೇಳಿದ್ದಾರೆ. ಮಾಮಾ ಸಹಿ ಮಾಡಲು ತಯಾರಿದ್ದಾರೆ. ಅಕ್ಕ ‘ಹೆಂಗೂ ಮಕ್ಕಳಾಗ್ಯಾವ, ತಗದ್ರ ಕಾಟ ತಪ್ಪತೈತಿ’ ಅನ್ನುತ್ತಾಳೆ. ಇದು ಸರಿಯೇ? ಇದನ್ನು ತೀರ್ಮಾನ ಮಾಡಬೇಕಾದವರು ಯಾರು?

ಉತ್ತರ: ಮೊದಲು ಸೋಮವಾರದ ಆಪರೇಷನ್ ಮುಂದಕ್ಕೆ ಹಾಕಿಸಿ. ನೀವು ಬರೆದಿರುವುದರಲ್ಲಿ ನಾಲ್ಕು ವಾರ ಕಾಯಲಾರದಂಥದ್ದು ಒಂದೂ ಇಲ್ಲ. ತಡ ಮಾಡಬಾರದ ಲಕ್ಷಣಗಳೇ ಬೇರೆ: ತಾಸಿಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಹೋಗುವುದು, ಗಂಡ ಹೆಂಡತಿ ಕೂಡಿದ ಮೇಲೆ ರಕ್ತ ಕಾಣುವುದು, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಬರುವುದು, ರಕ್ತ ಬೆರೆತ ಕೊಳೆತ ವಾಸನೆಯ ಸ್ರಾವ. ಮೊದಲನೆಯದಿದ್ದರೆ ಅದೇ ದಿನ, ಉಳಿದವುಗಳಲ್ಲಿ ಯಾವುದಾದರೂ ಇದ್ದರೆ ಅದೇ ವಾರ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಆಗಲೂ ಮೊದಲ ಕೆಲಸ ಪರೀಕ್ಷೆಯೇ.

ಈಗ ನಿಮಗೆ ಹೇಳಿದ ಮೂರು ಮಾತುಗಳನ್ನು ಒಂದೊಂದಾಗಿ ನೋಡೋಣ.

‘ಬಾವು’ ಅಂದದ್ದು ಬಹುಶಃ ರಿಪೋರ್ಟಿನಲ್ಲಿ ‘ಬಲ್ಕಿ ಯೂಟರಸ್’ ಎಂದು ಬರೆದಿರುವುದಕ್ಕೆ. ಬಲ್ಕಿ ಅಂದರೆ ತುಸು ದಪ್ಪ ಎಂದಷ್ಟೇ, ಅದು ರೋಗದ ಹೆಸರಲ್ಲ. ಎರಡು ಮಕ್ಕಳನ್ನು ಹೊತ್ತ ಗರ್ಭಚೀಲ ಮೊದಲಿನ ಅಳತೆಗೆ ಪೂರ್ತಿ ಮರಳುವುದಿಲ್ಲ. ಉದ್ದ ಎಂಟು ಒಂಬತ್ತು ಸೆಂಟಿಮೀಟರ್ ಇರುವುದು ಸಾಮಾನ್ಯ, ಅದಕ್ಕಿಂತ ಸ್ವಲ್ಪ ಹೆಚ್ಚಿದ್ದರೂ ಮುಟ್ಟು ಸರಿಯಿದ್ದು ವಿಪರೀತ ನೋವಿಲ್ಲದಿದ್ದರೆ ಅದಕ್ಕೆ ಔಷಧವೂ ಬೇಕಿಲ್ಲ. ಅದೇ ರಿಪೋರ್ಟಿನಲ್ಲಿ ‘ನಬೋಥಿಯನ್ ಸಿಸ್ಟ್’ ಎಂದಿದ್ದರೆ ಅದು ಗರ್ಭಚೀಲದ ಬಾಯಿಯ ಲೋಳೆ ಗ್ರಂಥಿಯ ಬಾಯಿ ಮುಚ್ಚಿ ಆದ ಸಣ್ಣ ಗುಳ್ಳೆ. ಹೆತ್ತ ಹೆಂಗಸರಲ್ಲಿ ಸರ್ವೇಸಾಮಾನ್ಯ.

ಓವರಿಯ ಗಡ್ಡೆ. ಇಲ್ಲಿ ಅಳತೆಯೇ ಮಾತು, ಅದನ್ನು ನೀವು ಬರೆದಿಲ್ಲ. ರಿಪೋರ್ಟ್ ತೆಗೆದು ನೋಡಿ. ಪ್ರತಿ ತಿಂಗಳು ಅಂಡ ಬೆಳೆಯುವ ನೀರಿನ ಗುಳ್ಳೆಯೇ ಎರಡು, ಎರಡೂವರೆ ಸೆಂಟಿಮೀಟರ್ ಆಗುತ್ತದೆ. ಅದು ಸಮಯಕ್ಕೆ ಒಡೆಯದಿದ್ದರೆ ಮೂರು ನಾಲ್ಕು ಸೆಂಟಿಮೀಟರ್‌ಗೆ ಬೆಳೆದು, ಎರಡು ಮೂರು ತಿಂಗಳಲ್ಲಿ ತಾನಾಗಿ ಕರಗುತ್ತದೆ. ‘ಸಿಂಪಲ್ ಸಿಸ್ಟ್’ ಎಂದಿದ್ದು ಐದು ಸೆಂಟಿಮೀಟರ್ ಒಳಗಿದ್ದರೆ ಮುಟ್ಟಾಗುವ ಹೆಂಗಸಿನಲ್ಲಿ ಮಾಡಬೇಕಾದ್ದು ಏನೂ ಇಲ್ಲ. ಸಮಾಧಾನಕ್ಕೆ ಬೇಕಾದರೆ ಎರಡು ಮೂರು ತಿಂಗಳ ನಂತರ, ಮುಟ್ಟು ನಿಂತ ಕೂಡಲೇ ಇನ್ನೊಂದು ಸ್ಕ್ಯಾನ್ ಮಾಡಿಸಬಹುದು. ಒಳಗೆ ಗಟ್ಟಿ ಭಾಗ ಇದೆ, ಗೋಡೆಗಳಿವೆ, ಎರಡೂ ಕಡೆ ಇದೆ, ಏಳು ಸೆಂಟಿಮೀಟರ್ ದಾಟಿದೆ ಎಂದಿದ್ದರೆ ಮಾತು ಬೇರೆ. ಆಗಲೂ ಮೊದಲು ರಕ್ತ ಪರೀಕ್ಷೆ, ಇನ್ನೂ ಸ್ಪಷ್ಟವಾದ ಸ್ಕ್ಯಾನ್, ಆಮೇಲೆ ಆಪರೇಷನ್ ಮಾತು.

ಮೂರನೆಯದು ಹುಣ್ಣು. ಗರ್ಭಚೀಲದ ಬಾಯಿಯ ಹುಣ್ಣು ಹೊಟ್ಟೆಯ ಮೇಲೆ ಮಾಡುವ ಸ್ಕ್ಯಾನ್‌ನಲ್ಲಿ ಕಾಣುವ ವಸ್ತುವೇ ಅಲ್ಲ. ಹಾಗಾಗಿ ಅಕ್ಕನನ್ನು ಒಂದು ಪ್ರಶ್ನೆ ಕೇಳಿ: ಡಾಕ್ಟರು ಒಳಗೆ ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ನೋಡುವ ಸಾಧನ) ಹಾಕಿ, ದೀಪ ಹಿಡಿದು ನೋಡಿದರೇ, ಅಥವಾ ಸ್ಕ್ಯಾನ್ ಕಾಗದ ನೋಡಿಯೇ ಹೇಳಿದರೇ? ನೋಡಿದ್ದೇ ಆದರೂ, ಕೆಂಪಗೆ ಕಾಣುವುದೆಲ್ಲ ಹುಣ್ಣಲ್ಲ. ಗರ್ಭಚೀಲದ ಕಾಲುವೆಯ ಒಳಪದರ ಹಾರ್ಮೋನಿನ ಪ್ರಭಾವದಿಂದ ಹೊರಮುಖವಾಗಿ ತಿರುಗಿರುತ್ತದೆ. ತೆಳು ಪದರವಾದ್ದರಿಂದ ಕೆಳಗಿನ ರಕ್ತನಾಳಗಳು ಕೆಂಪಗೆ ಹೊಳೆಯುತ್ತವೆ. ತುಟಿಯನ್ನು ಮಡಚಿದರೆ ಒಳಗಿನ ಕೆಂಪು ಕಾಣುವುದಿಲ್ಲವೇ, ಹಾಗೆ. ಹಳೆಯ ಪುಸ್ತಕಗಳು ಇದನ್ನು ‘ಎರೋಷನ್’ ಎಂದು ಕರೆದವು. ಆ ಪದ ನಮ್ಮ ಕಡೆ ‘ಹುಣ್ಣು’ ಆಗಿ ಇಳಿಯಿತು, ಹುಣ್ಣಿನ ಹಿಂದೆ ‘ಕ್ಯಾನ್ಸರ್’ ತಾನಾಗಿ ಬಂತು. ಒಂದು ಕೆಟ್ಟ ಅನುವಾದ ಎಷ್ಟು ಗರ್ಭಚೀಲಗಳನ್ನು ತೆಗೆಸಿದೆಯೋ ಲೆಕ್ಕವಿಲ್ಲ.

ಇನ್ನು ಅಕ್ಕನ ನಿಜವಾದ ಕಾಟ, ಬಿಳಿ ಸೆರಗು. ‘ಬಿಳಿ ಹೋದ್ರ ಎಲುಬು ಕರಗತಾವ’ ಎಂಬ ನಂಬಿಕೆ ಎಲ್ಲ ಊರಲ್ಲೂ ಇದೆ. ಎಲುಬಿಗೂ ಇದಕ್ಕೂ ಸಂಬಂಧವಿಲ್ಲ. ಮುಟ್ಟಿನ ನಡುವಿನ ದಿನಗಳಲ್ಲಿ ಮೊಟ್ಟೆಯ ಬಿಳಿಯಂತೆ ನೂಲಾಗಿ ಬರುವ, ವಾಸನೆ ತುರಿಕೆ ಇಲ್ಲದ ಸ್ರಾವ ಆರೋಗ್ಯದ ಗುರುತು. ಒಡೆದ ಮೊಸರಿನಂತೆ ಗಟ್ಟಿಯಾಗಿ, ತುರಿಕೆ ಉರಿಯ ಜೊತೆ ಬಂದರೆ ಅದು ಶಿಲೀಂಧ್ರದ ಸೋಂಕು, ಕ್ಯಾಂಡಿಡಾ. ತೆಳ್ಳಗೆ ಬೂದು ಬಣ್ಣದಲ್ಲಿ ಮೀನಿನ ವಾಸನೆ ಬಂದರೆ ಒಳಗಿನ ಬ್ಯಾಕ್ಟೀರಿಯಾಗಳ ಹೊಂದಾಣಿಕೆ ತಪ್ಪಿದೆ. ಹಸಿರು ಹಳದಿಯಾಗಿ ನೊರೆಯಿದ್ದರೆ ಟ್ರೈಕೊಮೊನಾಸ್, ಗಂಡ ಹೆಂಡತಿ ಕೂಡುವುದರಿಂದ ದಾಟುವ ಸೂಕ್ಷ್ಮಜೀವಿಯ ಸೋಂಕು. ಈ ಮೂರಕ್ಕೂ ಮದ್ದು ಅಗ್ಗದ್ದು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇದಕ್ಕೆಂದೇ ಹಸಿರು ಬಣ್ಣದ ಕಿಟ್ ಪುಕ್ಕಟೆ ಕೊಡುತ್ತಾರೆ. ಒಳಗಿರುವುದು ಸೆಕ್ನಿಡಜೋಲ್ ಎರಡು ಗ್ರಾಂ ಮತ್ತು ಫ್ಲುಕೊನಜೋಲ್ 150 ಮಿಲಿಗ್ರಾಂ, ಒಂದೇ ಸಲ ನುಂಗುವುದು.

ಹಾಗಿದ್ದೂ ವರ್ಷಗಟ್ಟಲೆ ಯಾಕೆ ವಾಸಿಯಾಗುವುದಿಲ್ಲ? ಔಷಧ ಅಂಗಡಿಯಲ್ಲಿ ಕೇಳಿ ಎರಡು ಗುಳಿಗೆ ತಂದು ತುಸು ಕಡಿಮೆಯಾದ ಕೂಡಲೇ ಬಿಡುವುದು ಒಂದು. ಟ್ರೈಕೊಮೊನಾಸ್ ಇದ್ದಾಗ ಗಂಡ ಮದ್ದು ತೆಗೆದುಕೊಳ್ಳದೆ ಹೆಂಡತಿಗೆ ಮತ್ತೆ ಮತ್ತೆ ಸೋಂಕು ದಾಟಿಸುವುದು ಇನ್ನೊಂದು. ಇಲ್ಲಿ ಮಾಮಾ ಆಪರೇಷನ್ ಕಾಗದಕ್ಕೆ ಸಹಿ ಹಾಕುವುದಕ್ಕಿಂತ ಮೊದಲು ಗುಳಿಗೆ ನುಂಗಬೇಕಾಗಬಹುದು. ಮೂರನೆಯದು ಸಕ್ಕರೆ ಕಾಯಿಲೆ. ಮೊಸರಿನಂಥ ಸೋಂಕು ಪದೇ ಪದೇ ಬರುತ್ತಿದ್ದರೆ ರಕ್ತದಲ್ಲಿ ಸಕ್ಕರೆ ನೋಡಲೇಬೇಕು. ಸಾಬೂನು, ಡೆಟಾಲ್ ನೀರಿನಿಂದ ಒಳಗೆ ತೊಳೆಯುವುದು ನಾಲ್ಕನೆಯದು. ಸ್ವಚ್ಛತೆಗೆಂದು ಮಾಡುವ ಇದೇ ಕೆಲಸ ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು ಸೋಂಕಿಗೆ ದಾರಿ ಮಾಡುತ್ತದೆ. ಮುಖ್ಯ ಮಾತು ಇದು: ಈ ಮೂರು ಸೋಂಕು ಇರುವುದು ಯೋನಿಯಲ್ಲಿ, ಗರ್ಭಚೀಲದಲ್ಲಲ್ಲ. ಗರ್ಭಚೀಲ ತೆಗೆದ ಮೇಲೂ ಬಿಳಿ ಹೋಗುತ್ತಲೇ ಇರುತ್ತದೆ.

ಸೊಂಟ ನೋವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನವಿಡೀ ಬಗ್ಗಿ ಕಸ ತೆಗೆಯುವ, ಮೆಣಸಿನಕಾಯಿ ಬಿಡಿಸುವ, ಕೊಡ ಹೊರುವ ಸೊಂಟಕ್ಕೆ ನೋಯಲು ಗರ್ಭಚೀಲದ ನೆವ ಬೇಕಿಲ್ಲ. ಹಿಮೋಗ್ಲೋಬಿನ್ ಒಂದು ನೋಡಿಸಿ. 12ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣಾಂಶದ ಗುಳಿಗೆ ಬೇಕು. ನೋವು ಮುಟ್ಟಿನ ದಿನಗಳಲ್ಲಿಯೇ ವಿಪರೀತ ಏರುತ್ತದೆ ಅಂದರೆ ಅದನ್ನು ಡಾಕ್ಟರಿಗೆ ಬಿಡಿಸಿ ಹೇಳಲಿ, ಆಗ ಹುಡುಕಬೇಕಾದ ಕಾರಣ ಬೇರೆ.

ಕ್ಯಾನ್ಸರ್ ಮಾತಿಗೆ ಬರೋಣ. ಗರ್ಭಚೀಲದ ಬಾಯಿಯ ಕ್ಯಾನ್ಸರ್‌ಗೆ ಕಾರಣ ಎಚ್‌ಪಿವಿ ಎಂಬ ವೈರಸ್ಸು. ಸೋಂಕು ತಗಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಐದರಿಂದ ಹತ್ತು. ನಡುವೆ ಹಿಡಿದು ನಿಲ್ಲಿಸಲು ಧಾರಾಳ ಸಮಯವಿದೆ. 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿಯೇ ಇದೆ. ವಿಐಎ ಎಂಬ ಈ ಪರೀಕ್ಷೆಗೆ ಮಷೀನೂ ಬೇಡ: ಸ್ಪೆಕ್ಯುಲಮ್ ಹಾಕಿ, ಹತ್ತಿಯಲ್ಲಿ ತೆಳುವಾದ ಅಸಿಟಿಕ್ ಆಮ್ಲ ಅದ್ದಿ ಗರ್ಭಚೀಲದ ಬಾಯಿಗೆ ಸವರುತ್ತಾರೆ. ಮನೆಯ ವಿನೆಗರ್‌ನಲ್ಲಿ ಇರುವುದೂ ಅದೇ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶಗಳಿದ್ದರೆ ಆ ಜಾಗ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಹಾಗಾಯಿತೆಂದರೆ ಕ್ಯಾನ್ಸರ್ ಎಂದಲ್ಲ. ಕಾಲ್ಪೊಸ್ಕೋಪಿಯಲ್ಲಿ ದೊಡ್ಡದು ಮಾಡಿ ನೋಡಿ, ಅನುಮಾನದ ಜಾಗದಿಂದ ಕಾಳಿನಷ್ಟು ತುಣುಕು ತೆಗೆದು ಬಯಾಪ್ಸಿಗೆ ಕಳಿಸಬೇಕು. ಗರ್ಭಚೀಲದ ಬಾಯಿಯ ಜೀವಕೋಶಗಳನ್ನು ಸವರಿ ತೆಗೆದು ನೋಡುವ ಪ್ಯಾಪ್ ಸ್ಮಿಯರ್ ಅಥವಾ ಎಚ್‌ಪಿವಿ ಪರೀಕ್ಷೆ ಸಿಗುವ ಕಡೆ ಅದನ್ನೂ ಮಾಡಿಸಬಹುದು. ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಸಿಕ್ಕರೆ ಅಷ್ಟು ಜಾಗವನ್ನು ಮಾತ್ರ ಸುಡುವ ಅಥವಾ ತಂತಿಯ ಕುಣಿಕೆಯಿಂದ ಕೆತ್ತಿ ತೆಗೆಯುವ ಚಿಕಿತ್ಸೆ ಇದೆ. ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ.

ಹೀಗಾಗಿ ‘ಕ್ಯಾನ್ಸರ್ ಆಗಬಹುದು’ ಎಂದು ಹೆದರಿಸಿ, ಈ ಪರೀಕ್ಷೆ ಒಂದೂ ಮಾಡದೆ ನೇರ ಆಪರೇಷನ್ ಟೇಬಲ್ಲಿಗೆ ಕರೆಯುವುದು ಎರಡು ರೀತಿಯಲ್ಲಿ ತಪ್ಪು. ಕ್ಯಾನ್ಸರ್ ಇಲ್ಲದಿದ್ದರೆ ಬೇಡದ ಆಪರೇಷನ್. ಒಂದು ವೇಳೆ ಒಳಗೆ ನಿಜವಾಗಿ ಕ್ಯಾನ್ಸರ್ ಇದ್ದರೆ ಇನ್ನೂ ದೊಡ್ಡ ಅನಾಹುತ. ಬೇರೂರಿದ ಕ್ಯಾನ್ಸರ್‌ಗೆ ಸಾಮಾನ್ಯ ಗರ್ಭಚೀಲದ ಆಪರೇಷನ್ ಸಾಲುವುದಿಲ್ಲ, ಸುತ್ತಲಿನ ಅಂಗಾಂಶ ಮತ್ತು ಗ್ರಂಥಿಗಳನ್ನೂ ತೆಗೆಯಬೇಕು ಅಥವಾ ವಿಕಿರಣ ಚಿಕಿತ್ಸೆ ಕೊಡಬೇಕು. ಅರೆಬರೆ ಆಪರೇಷನ್ ಆದ ಮೇಲೆ ಬಯಾಪ್ಸಿ ವರದಿ ಬಂದರೆ ಮುಂದಿನ ಚಿಕಿತ್ಸೆ ಜಟಿಲವಾಗುತ್ತದೆ. ಕ್ಯಾನ್ಸರಿನ ಹೆದರಿಕೆ ಡಾಕ್ಟರಿಗೆ ನಿಜವಾಗಿ ಇದ್ದರೆ ಅವರು ಮೊದಲು ಬರೆಯುವ ಚೀಟಿ ಪರೀಕ್ಷೆಯದ್ದಾಗಿರುತ್ತದೆ.

ಗರ್ಭಚೀಲ ತೆಗೆಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಖಚಿತವಾದಾಗ, ಗರ್ಭಚೀಲ ಜಾರಿ ಹೊರಬಂದಾಗ, ಗರ್ಭಚೀಲದ ದೊಡ್ಡ ಗಡ್ಡೆಯಿಂದ (ಫೈಬ್ರಾಯ್ಡ್) ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ ಆರಕ್ಕೆ ಇಳಿದು ಗುಳಿಗೆ ಕೆಲಸ ಮಾಡದಿದ್ದಾಗ, ಹೆರಿಗೆಯ ರಕ್ತಸ್ರಾವ ನಿಲ್ಲದಿದ್ದಾಗ ಅದು ಜೀವ ಉಳಿಸುವ ಆಪರೇಷನ್. ಅಂಥವರನ್ನು ‘ಇನ್ನೂ ವಯಸ್ಸು ಸಣ್ಣದು’ ಎಂದು ಅಲೆದಾಡಿಸುವುದೂ ಅನ್ಯಾಯವೇ. ಅತಿ ರಕ್ತಸ್ರಾವಕ್ಕೂ ಮೊದಲ ಮೆಟ್ಟಿಲುಗಳಿವೆ: ಮುಟ್ಟಿನ ದಿನಗಳಲ್ಲಿ ಟ್ರನೆಕ್ಸಾಮಿಕ್ ಆಸಿಡ್ ಮತ್ತು ಮೆಫೆನಾಮಿಕ್ ಆಸಿಡ್ ಗುಳಿಗೆ, ಥೈರಾಯ್ಡ್ ದೋಷವಿದ್ದರೆ ಅದಕ್ಕೆ ಮದ್ದು, ಹಾರ್ಮೋನ್ ಗುಳಿಗೆ, ವರ್ಷಗಟ್ಟಲೆ ಕೆಲಸ ಮಾಡುವ ಹಾರ್ಮೋನ್ ಇರುವ ಕಾಪರ್‌ಟಿಯಂಥ ಸಾಧನ. ಈ ಕೊನೆಯದರಿಂದಲೇ ಎಷ್ಟೋ ಆಪರೇಷನ್ ತಪ್ಪುತ್ತವೆ. ನಮ್ಮ ಕಡೆ ಅದರ ಹೆಸರು ಹೇಳುವವರೇ ಕಡಿಮೆ. ನಿಮ್ಮ ಅಕ್ಕನಿಗೆ ಮುಟ್ಟು ಸರಿಯಿರುವುದರಿಂದ ಇದ್ಯಾವುದೂ ಬೇಕಾಗಿಯೇ ಇಲ್ಲ.

34ನೇ ವಯಸ್ಸಿಗೆ ಎರಡೂ ಓವರಿ ತೆಗೆಯುವುದು ನನಗೆ ಗರ್ಭಚೀಲಕ್ಕಿಂತ ದೊಡ್ಡ ಚಿಂತೆ. ಓವರಿ ಕೇವಲ ಅಂಡ ಕೊಡುವ ಅಂಗವಲ್ಲ. ಅದು ಹೊರಹಾಕುವ ಈಸ್ಟ್ರೋಜನ್ ಎಂಬ ಹಾರ್ಮೋನ್ ಎಲುಬನ್ನು, ಹೃದಯದ ರಕ್ತನಾಳಗಳನ್ನು ಕಾಯುತ್ತದೆ. ಎರಡೂ ತೆಗೆದ ವಾರದೊಳಗೆ ಮೈ ಬೆಂಕಿಯಾಗುವುದು, ರಾತ್ರಿ ಬೆವರು, ನಿದ್ದೆಗೇಡು, ಸಿಟ್ಟು, ಯೋನಿ ಒಣಗುವುದು ಶುರುವಾಗುತ್ತದೆ. ಬೇರೆಯವರಿಗೆ ನಲವತ್ತೈದು ದಾಟಿ ನಿಧಾನವಾಗಿ ಬರುವ ಮುಪ್ಪು ಇವಳಿಗೆ ಒಂದೇ ವಾರದಲ್ಲಿ ಬಂದಂತೆ. ಬೇರೆ ದಾರಿಯಿಲ್ಲದೆ ತೆಗೆಯಲೇಬೇಕಾದರೆ, ತಡೆಯುವ ಕಾರಣವಿಲ್ಲದವರಿಗೆ ಸಹಜ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನು ಬರೆಯದೆ ಮನೆಗೆ ಕಳಿಸುವುದೇ ಹೆಚ್ಚು. ಓವರಿ ಉಳಿಸಿ ಗರ್ಭಚೀಲ ಮಾತ್ರ ತೆಗೆದರೂ ಮುಟ್ಟು ನಿಲ್ಲುವ ಕಾಲದ ತೊಂದರೆಗಳು ಕೆಲವರಲ್ಲಿ ಬೇಗ ಬರುತ್ತವೆ. ಆಪರೇಷನ್‌ನ ಅಪಾಯವನ್ನೂ ತಿಳಿದಿರಿ. ಮೂತ್ರಪಿಂಡದಿಂದ ಇಳಿಯುವ ಮೂತ್ರನಾಳ ಗರ್ಭಚೀಲದ ರಕ್ತನಾಳದ ಕೆಳಗೇ, ಸೇತುವೆಯ ಅಡಿ ಹರಿಯುವ ಹಳ್ಳದಂತೆ ಹಾದುಹೋಗುತ್ತದೆ. ರಕ್ತನಾಳ ಕಟ್ಟುವಾಗ ದಾರ ಅದಕ್ಕೆ ಬಿದ್ದರೆ ಇನ್ನೊಂದು ಆಪರೇಷನ್ ಗ್ಯಾರಂಟಿ. ಏನೂ ತೊಡಕಾಗದಿದ್ದರೂ ಆರರಿಂದ ಎಂಟು ವಾರ ಭಾರ ಎತ್ತುವಂತಿಲ್ಲ. ಆ ಕೂಲಿಯೂ ನಲವತ್ತು ಸಾವಿರದ ಮೇಲೆ ಸೇರುತ್ತದೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ತೀರ್ಮಾನ ಅಕ್ಕನದು, ಸಹಿಯೂ ಅಕ್ಕನದು. 18 ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಹೆಂಗಸಿನ ದೇಹದ ಮೇಲೆ ತೀರ್ಮಾನ ಮಾಡುವ ಹಕ್ಕು ಗಂಡನಿಗಿಲ್ಲ. ಗಂಡನ ಸಹಿ ಇದೆ ಎಂದು ಅವಳ ಸಹಿ ಬಿಡಲೂ ಬರುವುದಿಲ್ಲ. ಈ ವಿಷಯಕ್ಕೆ ಸುಪ್ರೀಂ ಕೋರ್ಟಿನ 2008ರ ಸಮೀರಾ ಕೊಹ್ಲಿ ತೀರ್ಪು ನೇರವಾಗಿ ಹೊಂದುತ್ತದೆ. ರಕ್ತಸ್ರಾವಕ್ಕೆ ಕಾರಣ ಹುಡುಕಲು ಹೊಟ್ಟೆಯೊಳಗೆ ಸಣ್ಣ ದುರ್ಬೀನು ಹಾಕಿ ನೋಡುವ ಲ್ಯಾಪ್ರೊಸ್ಕೋಪಿಗೆ ಒಪ್ಪಿದ 44 ವರ್ಷದ ಹೆಂಗಸಿಗೆ ಅರಿವಳಿಕೆ ಕೊಟ್ಟಿದ್ದಾಗ, ಹೊರಗೆ ಕೂತಿದ್ದ ತಾಯಿಯಿಂದ ಸಹಿ ಹಾಕಿಸಿ ಗರ್ಭಚೀಲ, ಓವರಿ ಎಲ್ಲ ತೆಗೆದಿದ್ದರು. ಜೀವಕ್ಕೆ ತಕ್ಷಣದ ಅಪಾಯ ಇರಲಿಲ್ಲ, ಆದ್ದರಿಂದ ತಾಯಿಯ ಸಹಿ ಒಪ್ಪಿಗೆಯೇ ಅಲ್ಲ ಎಂದಿತು ಕೋರ್ಟು. ಕಾಯಿಲೆ ಏನು, ಆಪರೇಷನ್ ಏನು, ಬೇರೆ ದಾರಿ ಏನಿದೆ, ಅಪಾಯ ಏನು, ಮಾಡಿಸದಿದ್ದರೆ ಏನಾಗುತ್ತದೆ, ಇವಿಷ್ಟನ್ನು ರೋಗಿಗೆ ಮೊದಲೇ ಹೇಳಿರಬೇಕು ಎಂದೂ ಹೇಳಿತು. ಆ ತೀರ್ಪಿನ ಅಳತೆಗೋಲಿಗೆ ಅಕ್ಕನ ಕೈಗೆ ಬರುವ ಕಾಗದ ಹಿಡಿದು ನೋಡಿ. ಅವಳಿಗೆ ಓದಲು ಬರುವ ಭಾಷೆಯಲ್ಲಿ ಇದೆಯೇ, ಇಲ್ಲವಾದರೆ ಯಾರಾದರೂ ಓದಿ ಹೇಳಿದರೇ? ಗರ್ಭಚೀಲ ಮಾತ್ರವೋ, ಓವರಿಯೂ ಸೇರಿದೆಯೋ, ಒಂದೋ ಎರಡೋ ಎಂದು ಬಿಡಿಸಿ ಬರೆದಿದೆಯೇ? ಖಾಲಿ ಜಾಗ ಬಿಟ್ಟ ಕಾಗದಕ್ಕೆ, ಅಥವಾ ಹಸಿರು ಗೌನ್ ತೊಡಿಸಿ ಒಳಗೆ ಕರೆದೊಯ್ಯುವ ಹೊತ್ತಿಗೆ ನರ್ಸಮ್ಮ ಅವಸರದಲ್ಲಿ ಹಿಡಿದ ಪ್ಯಾಡಿಗೆ ಹೆಬ್ಬೆಟ್ಟು ಒತ್ತಬಾರದು.

‘ಅಕ್ಕನೇ ಬೇಕು ಅನ್ನುತ್ತಾಳಲ್ಲ’ ಎಂದು ನೀವು ಕೇಳಬಹುದು. ಇದು ಸುಲಭದ ಪ್ರಶ್ನೆಯಲ್ಲ. ಮೈ ಅವಳದು, ಬೇಡ ಎನ್ನುವ ಹಕ್ಕು ಪೂರ್ತಿ ಅವಳದು. ಆದರೆ ಬೇಕು ಎಂದಾಕ್ಷಣ ಚೆನ್ನಾಗಿರುವ ಅಂಗ ತೆಗೆದುಕೊಡಬೇಕೆಂಬ ಕಟ್ಟುಪಾಡು ಡಾಕ್ಟರಿಗಿಲ್ಲ. ಬೇಕು ಎನ್ನುವ ಮಾತಿನ ಹಿಂದೆ ಏನಿದೆ ಎಂದು ಕೇಳುವುದು ಡಾಕ್ಟರ ಕೆಲಸ. ಹೊಲದಲ್ಲಿ ಬಟ್ಟೆ ಬದಲಿಸಲು ಜಾಗವಿಲ್ಲದ್ದು, ಮುಟ್ಟಿನ ದಿನ ಹೊರಗೆ ಕೂಡಬೇಕಾದ್ದು, ಕೂಲಿ ತಪ್ಪುವುದು, ‘ಕ್ಯಾನ್ಸರ್’ ಎಂಬ ಒಂದು ಪದ ಕೇಳಿ ರಾತ್ರಿಯೆಲ್ಲ ನಿದ್ದೆ ಬಾರದ್ದು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯಲು ಹೋಗುವ ಹೆಂಗಸರು ಒಂದು ದಿನ ತಪ್ಪಿದರೆ ಕೂಲಿ ಗುತ್ತಿಗೆದಾರ ಮುಕಾದಮ ದಂಡ ಹಾಕುತ್ತಾನೆ ಎಂದು ಸಾಲು ಸಾಲಾಗಿ ಗರ್ಭಚೀಲ ತೆಗೆಸಿದ ಸುದ್ದಿ 2019ರಲ್ಲಿ ದೇಶವೆಲ್ಲ ಕೇಳಿತು. ಅವರೂ ಸಹಿ ಹಾಕಿಯೇ ಇದ್ದರು. ನಿಮ್ಮ ಜಿಲ್ಲೆಯಲ್ಲೇ ರಾಣೆಬೆನ್ನೂರು ಸುತ್ತಿನ ತಾಂಡಾಗಳ ಹೆಣ್ಣುಮಕ್ಕಳು ಬೇಡದ ಆಪರೇಷನ್ ಆಯಿತೆಂದು ನ್ಯಾಯ ಕೇಳಿ ಬೀದಿಗಿಳಿದದ್ದು ಗೊತ್ತಿರುವ ಸಂಗತಿ. ಅಕ್ಕನಿಗೆ ಮೇಲೆ ಬರೆದದ್ದನ್ನೆಲ್ಲ ಓದಿ ಹೇಳಿ, ಓವರಿಯ ಮಾತನ್ನು ಎರಡು ಸಲ ಹೇಳಿ. ‘ಕಾಟ ತಪ್ಪತೈತಿ’ ಎಂಬುದು ಆಮೇಲೂ ಉಳಿಯುತ್ತದೆಯೇ ನೋಡಿ.

2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳ ಇಂಥವೇ ಆಪರೇಷನ್‌ಗಳ ಬಗ್ಗೆ ತೀರ್ಪು ಕೊಡುವಾಗ, ಅನಗತ್ಯ ಗರ್ಭಚೀಲದ ಆಪರೇಷನ್ ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಲು ಎಲ್ಲ ರಾಜ್ಯಗಳಿಗೂ ಹೇಳಿದೆ. ಜಿಲ್ಲಾ ಮಟ್ಟದಲ್ಲಿ ನಿಗಾ ಸಮಿತಿ ಇರಬೇಕೆಂಬುದು ಅದರಲ್ಲಿದೆ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಅದನ್ನು ಕೇಳಿ ತಿಳಿಯುವುದು ನಿಮ್ಮ ಹಕ್ಕು.

ಮಾಡಬೇಕಾದ ಕೆಲಸ ಇಷ್ಟು. ಈಗ ತೋರಿಸಿದ ಆಸ್ಪತ್ರೆಯಿಂದ ಸ್ಕ್ಯಾನ್ ರಿಪೋರ್ಟ್, ಚೀಟಿ ಎಲ್ಲದರ ಪ್ರತಿ ಕೇಳಿ. ಬರವಣಿಗೆಯಲ್ಲಿ ಕೇಳಿದ 72 ತಾಸಿನೊಳಗೆ ದಾಖಲೆ ಕೊಡಬೇಕೆಂಬುದು ವೈದ್ಯಕೀಯ ಮಂಡಳಿಯ 2002ರ ನಿಯಮ. ಜಗಳ ಬೇಡ, ‘ಮನೀ ಮಂದೀ ಕೂಡ ಮಾತಾಡಿ ಬರ್ತೀವ್ರಿ’ ಅಂದರೆ ಸಾಕು. ಆಮೇಲೆ ಹಾವೇರಿ ಜಿಲ್ಲಾಸ್ಪತ್ರೆಯ ಅಥವಾ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ (ಮೊದಲು ಕಿಮ್ಸ್ ಎನ್ನುತ್ತಿದ್ದದ್ದು, ಈಗ ಕೆಎಂಸಿಆರ್‌ಐ) ಸ್ತ್ರೀರೋಗ ವಿಭಾಗದಲ್ಲಿ ತೋರಿಸಿ. ಹೊಸ ಡಾಕ್ಟರ ಮುಂದೆ ಹಳೆಯ ರಿಪೋರ್ಟ್ ಕೂಡಲೇ ಚಾಚಬೇಡಿ. ಮೊದಲು ಅಕ್ಕನ ಬಾಯಿಂದ ತೊಂದರೆ ಹೇಳಿಸಿ, ಒಳ ಪರೀಕ್ಷೆ ಆಗಲಿ, ನಂತರ ಕಾಗದ ತೋರಿಸಿ. ಇಲ್ಲದಿದ್ದರೆ ಹಳೆಯ ಅಭಿಪ್ರಾಯವೇ ಹೊಸ ಅಭಿಪ್ರಾಯವಾಗಿ ಬರುತ್ತದೆ. ಪರೀಕ್ಷೆಯ ಬಳಿಕವೂ ಆಪರೇಷನ್ ಬೇಕೇ ಬೇಕು ಎಂದರೆ ರೋಗದ ಹೆಸರನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ, ಓವರಿ ಉಳಿಸಬಹುದೇ ಎಂದು ಕೇಳಿ, ತೆಗೆದ ಅಂಗ ಬಯಾಪ್ಸಿಗೆ ಹೋಗಿ ವರದಿ ನಿಮ್ಮ ಕೈಗೆ ಬರುತ್ತದೆಯೇ ಖಚಿತ ಮಾಡಿಕೊಳ್ಳಿ.

ಹೋಗುವ ದಿನ ಮುಟ್ಟು ಇರಬಾರದು. ನಿಂತು ನಾಲ್ಕೈದು ದಿನವಾಗಿದ್ದರೆ ಒಳ್ಳೆಯದು. ಹಿಂದಿನ ಎರಡು ದಿನ ಒಳಗೆ ಇಡುವ ಗುಳಿಗೆ, ತೊಳೆಯುವುದು, ಗಂಡ ಹೆಂಡತಿ ಕೂಡುವುದು ಬೇಡ, ಪ್ಯಾಪ್ ಸ್ಮಿಯರ್ ಕೆಡುತ್ತದೆ. ಅಕ್ಕನ ಜೊತೆ ಒಳಗೆ ಒಬ್ಬ ಹೆಣ್ಣುಮಗಳು ಹೋಗಲಿ. ಮಾಮಾನೂ ಹೊರಗೆ ಇರಲಿ, ಟ್ರೈಕೊಮೊನಾಸ್ ಎಂದು ತಿಳಿದರೆ ಅವರ ಗುಳಿಗೆಯನ್ನೂ ಅಂದೇ ಬರೆಸಿಕೊಂಡು ಬರಬಹುದು.